ಹುಬ್ಬಳ್ಳಿಯಲ್ಲಿ ಗಾಡಿ ಬಹಳ ಹೊತ್ತು ನಿಲ್ಲುತ್ತದೆ

ಹುಬ್ಬಳ್ಳಿಯ ಉಣಕಲ್ಲಿನ ನಮ್ಮ ಓಣಿಯಲ್ಲಿ ನಲ್ಲಿಗೆ ನೀರು ಬಂದರೆ ಮೊದಲು ಕಂಡವರು ಕೂಗಬೇಕು. ಯಾರೂ ಮಾಡಿದ ನಿಯಮವಲ್ಲ, ನಡೆದುಕೊಂಡು ಬಂದದ್ದು. ವಾರಕ್ಕೊಮ್ಮೆ ಬರುವ ನೀರು, ಕೆಲವು ಸಲ ಅದಕ್ಕೂ ತಡ. ಬಂದದ್ದು ತಿಳಿಯದೆ ಹೋದರೆ ಮುಂದಿನ ಪಾಳಿಯವರೆಗೆ ಟ್ಯಾಂಕರಿನವನ ದಾರಿ ಕಾಯಬೇಕು. ಹಾಗಾಗಿ "ನೀರ ಬಂತು" ಎಂಬ ಕೂಗು ಕಿವಿಗೆ ಬಿದ್ದರೆ ಊಟಕ್ಕೆ ಕೂತವರು ಎಡಗೈಯಲ್ಲಿ ಕೊಡ ಎತ್ತಿಕೊಳ್ಳುತ್ತಾರೆ, ಜಗಳವಾಡುತ್ತಿದ್ದವರು ಮಿಕ್ಕದ್ದನ್ನು ಸಂಜೆಗೆ ಇಟ್ಟುಕೊಳ್ಳುತ್ತಾರೆ.

ಆ ಕೂಗನ್ನು ಕ್ರಿಕೆಟ್ ಮೈದಾನಕ್ಕೆ ತಂದವರು ಅಮರಗೋಳದ ಸಾವುಕಾರರು. ಅಲ್ಲಿನ ಮಾರುಕಟ್ಟೆಯಲ್ಲಿ ಅವರದು ಕಾಳುಕಡಿಯ ದಲಾಲಿ ಅಂಗಡಿ. ಹರಾಜು ಕೂಗಿ ಪಳಗಿದ ಗಂಟಲು. ರಾಜ್ಯದ ಬೇರೆ ಬೇರೆ ಊರುಗಳ ತಂಡಗಳು ಆಡುವ ಇಪ್ಪತ್ತು ಓವರಿನ ಪಂದ್ಯಾವಳಿಯಲ್ಲಿ ನಮ್ಮ ಊರಿಗೂ ಒಂದು ತಂಡವಿದೆ. ಪಂದ್ಯಗಳು ಹುಬ್ಬಳ್ಳಿಗೆ ಬಂದಾಗ ನಾವು ಮೂವರು ಸಿಮೆಂಟಿನ ಮೆಟ್ಟಿಲುಗಳ ಮೇಲೆ ಒಂದೇ ಸಾಲಿನಲ್ಲಿ ಕೂರುತ್ತೇವೆ: ಸಾವುಕಾರರು, ನಮ್ಮ ಓಣಿಯ ಕಾಕಾ, ನಾನು. ಕಾಕಾ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ನನ್ನ ಗಂಡನಿಗೆ ಕ್ರಿಕೆಟ್ ಎಂದರೆ ನಿದ್ದೆ; ನನ್ನನ್ನು ಮೊದಲು ಮೈದಾನಕ್ಕೆ ಕರೆದುಕೊಂಡು ಹೋದವರು ಕಾಕಾ.

ನಮ್ಮ ತಂಡದಲ್ಲಿ ಧಾರವಾಡದ ಹತ್ತಿರದ ಗರಗದ ಹುಡುಗನೊಬ್ಬನಿದ್ದ. ಹುಡುಗ ಎನ್ನುವುದು ನಮ್ಮ ರೂಢಿಯ ಮಾತು, ಮೀಸೆ ಬಂದು ವರ್ಷಗಳಾಗಿದ್ದ ಗಂಡಸು. ಬದಲಿ ವಿಕೆಟ್ ಕೀಪರ್. ಮುಖ್ಯ ಕೀಪರ್‌ಗೆ ಏನಾದರೂ ಆದರೆ ಇವನು. ಆದರೆ ಆ ಮುಖ್ಯ ಕೀಪರ್‌ಗೆ ಎಂದೂ ಏನೂ ಆಗುತ್ತಿರಲಿಲ್ಲ, ಒಂದು ನೆಗಡಿ ಕೂಡ. ಹೀಗಾಗಿ ಇವನ ಕೆಲಸವೆಂದರೆ ಬಾಟಲಿಗಳ ಬುಟ್ಟಿ ಹಿಡಿದು ಒಳಗೆ ಓಡುವುದು, ಒದ್ದೆ ಕೈಗವಸು ತರುವುದು, ಒಣ ಕೈಗವಸು ಒಯ್ಯುವುದು. ಅವನು ಓಡುವ ರೀತಿ ಚೆನ್ನಾಗಿತ್ತು. ತಲೆ ಅಲುಗುತ್ತಿರಲಿಲ್ಲ, ಬುಟ್ಟಿ ಅಲುಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಸೆಕೆಗೆ ನಾವೆಲ್ಲ ಬಾಡಿ ಕೂತಿದ್ದಾಗ ಅವನು ಹೀಗೆ ಬುಟ್ಟಿ ಹಿಡಿದು ಹೊರಬಂದ. ಸಾವುಕಾರರು ಎದ್ದು ನಿಂತು ಕೂಗಿಯೇಬಿಟ್ಟರು.

"ನೀರ ಬಂತೋ, ನೀರ ಬಂತು. ಕೊಡಾ ತಗೊಂಡ ಬರ್ರಿ."

ಇಡೀ ಸಾಲು ನಕ್ಕಿತು. ಪಕ್ಕದ ಸಾಲು ಕೂಗಿತು. ಮುಂದಿನ ಪಂದ್ಯದ ಹೊತ್ತಿಗೆ ಆ ಬದಿಯ ಜನರೆಲ್ಲ ಕೂಗುತ್ತಿದ್ದರು. ಅವನು ಗೆರೆ ದಾಟಿದರೆ ಸಾಕು, "ನೀರ ಬಂತು." ಅವನಿಗೆ ಒಂದು ಅಡ್ಡಹೆಸರೂ ಆಯಿತು, ನೀರ ಬಿಡಾಂವ. ನಮ್ಮ ಊರಿನಲ್ಲಿ ವಾಲ್ವ್ ತಿರುಗಿಸಿ ಓಣಿಗೆ ನೀರು ಬಿಡುವವನಿಗೆ ಮೇಯರ್‌ಗಿಂತ ಹೆಚ್ಚು ಮರ್ಯಾದೆ, ಆದ್ದರಿಂದ ಅದು ಗೌರವದ ಹೆಸರು ಎಂದೇ ನಾವು ತಿಳಿದಿದ್ದೆವು. ಶತಕ ಹೊಡೆದವನಿಗೂ ಸಿಗದ ಕೂಗು ಅವನಿಗೆ ಸಿಗುತ್ತಿತ್ತು.

ಪಂದ್ಯ ಮುಗಿದ ಮೇಲೆ ಅವನು ಬೇಲಿಯ ಹತ್ತಿರ ಬಂದು ಮಾತಾಡುತ್ತಿದ್ದ. ಒಮ್ಮೆ ನಾನೇ ಕೇಳಿದ್ದೆ, "ಹಿಂಗ ಚೀರ್ತೇವಲ್ಲ, ನಿನಗ ಬ್ಯಾಸರ ಆಗೂದಿಲ್ಲೇನು?"

"ಇಲ್ರಿ ಅಕ್ಕಾರ. ನೀವು ಕೂಗಿದ್ರ ನಾನೂ ಆಡಿದಂಗ ಅನಸತೈತ್ರಿ," ಎಂದ. "ಮನ್ಯಾಗ ನಮ್ಮವ್ವ ಟಿವಿಯೊಳಗ ಕೇಳಿ ನಗತಾಳ. ನಿನ್ನ ಕೂಗು ಬಂತು ನೋಡ ಅಂತಾಳ."

ನಮಗೆ ಅಷ್ಟು ಸಾಕಾಗಿತ್ತು. ಅವನು ಹೇಳಿದ್ದನ್ನು ನಂಬುವುದು ಸುಲಭವಿತ್ತು, ನಂಬಿದೆವು.

ಈ ವರ್ಷ ಆಟಗಾರರ ಹರಾಜಿನಲ್ಲಿ ನಮ್ಮ ತಂಡ ಅವನನ್ನು ಬಿಟ್ಟುಕೊಟ್ಟಿತು. ದಕ್ಷಿಣದ ಒಂದು ಊರಿನ ತಂಡ ತೆಗೆದುಕೊಂಡಿತು. ಅವರ ಕೀಪರ್ ಆಟ ಬಿಟ್ಟಿದ್ದನಂತೆ, ಮೊದಲ ಪಂದ್ಯದಿಂದಲೇ ಇವನು ಕೀಪಿಂಗ್ ಮಾಡಬೇಕೆಂದು ತರಬೇತುದಾರರು ಫೋನಿನಲ್ಲಿ ಹೇಳಿದ್ದರಂತೆ. ಮೈದಾನದ ಹಿಂದಿನ ರಸ್ತೆಯಲ್ಲಿ ಎಲ್ಲರೂ ಮಾವಶಿ ಎಂದು ಕರೆಯುವ ಹೆಂಗಸಿನ ಅಂಗಡಿಯಿದೆ; ಮಂಡಕ್ಕಿ ಕಲಸಿದ ಗಿರಮಿಟ್, ಬಿಸಿ ಮಿರ್ಚಿ. ಪಂದ್ಯವಿರಲಿ ಬಿಡಲಿ, ಭಾನುವಾರ ಸಂಜೆ ನಾವು ಅಲ್ಲೇ. ಸುದ್ದಿ ಬಂದ ಭಾನುವಾರ ಸಾವುಕಾರರು ಗಿರಮಿಟ್ ಮುಟ್ಟಲಿಲ್ಲ.

"ಇಷ್ಟ ವರ್ಷ ಇಟಗೊಂಡ್ರು, ಒಂದ ಮ್ಯಾಚ್ ಆಡಸಲಿಲ್ಲ. ಬರೀ ನೀರ ಹೊರಿಸಿದ್ರು. ಈಗ ಹೋಗಂತ ಬಿಟ್ರು," ಎಂದರು. "ಇದ ನಮ್ಮ ತಂಡದ ನ್ಯಾಯ ಏನ್ರಿ?"

ಕಾಕಾ ಸಮಾಧಾನ ಮಾಡಿದರು. "ಛಲೋನ ಆತಲ್ಲೋ ಸಾವುಕಾರ. ಅಲ್ಲೆರ ಆಡತಾನ."

"ಆಡ್ಲಿ. ಆದ್ರ ನಮ್ಮಾಂವ ಆಗಿ ಆಡಬೇಕಿತ್ತು."

ಬಾಣಲೆಯಲ್ಲಿ ಮಿರ್ಚಿ ತಿರುವುತ್ತಿದ್ದ ಮಾವಶಿ ಹಿಂದಿರುಗಿ ನೋಡದೆ ಹೇಳಿದಳು. "ತಂಡದವರನ್ನ ಯಾಕ ಬೈತೀರಿ? ನೀವರ ಏನ ಮಾಡಿದ್ರಿ? ನೀರ ಬಂತು, ನೀರ ಬಂತು. ಒಮ್ಮೆರ ಅಂವನ್ನ ಆಡಸ್ರಿ ಅಂತ ಕೂಗಿದ್ರೇನು?"

"ಅದು ಪ್ರೀತೀಲೆ ಕೂಗಿದ್ದ ಮಾವಶಿ."

"ಪ್ರೀತೀಲೆ ಅಂತ ನನಗ ಗೊತ್ತೈತಿ. ಅಂವಗ ಗೊತ್ತೈತೋ ಇಲ್ಲೋ."

ನನಗೆ ಒಂದು ಪಂದ್ಯ ನೆನಪಾಯಿತು. ಯಾರೋ ಕಾಲು ಉಳುಕಿಸಿಕೊಂಡು ಹೊರಹೋದಾಗ ಇವನು ಕೆಲವು ಓವರ್ ಗೆರೆಯ ಹತ್ತಿರ ಬದಲಿಯಾಗಿ ನಿಂತಿದ್ದ. ಅಂದು ಅವನ ಕೈಯಲ್ಲಿ ಬುಟ್ಟಿ ಇರಲಿಲ್ಲ. ಆದರೂ ನಾವು ಅದನ್ನೇ ಕೂಗಿದ್ದೆವು. ಒಂದು ಚೆಂಡನ್ನು ಅವನು ಬಿದ್ದು ತಡೆದ. ಎದ್ದು, ಎಸೆದು, ನಮ್ಮ ಕಡೆ ತಿರುಗಿದ. ಆಗ ಬೇರೇನಾದರೂ ಕೂಗಬಹುದಿತ್ತು ಎಂದು ನನಗೆ ಹೊಳೆದಿರಲಿಲ್ಲ.

ಮಾವಶಿಯ ಆ ಮಾತು ಇಲ್ಲದಿದ್ದರೆ ನಾವು ಅವನಿಗೆ ಫೋನ್ ಮಾಡಿ ಶುಭ ಹಾರೈಸಿ ಸುಮ್ಮನಾಗುತ್ತಿದ್ದೆವು. ಮಾತು ನಾಟಿತ್ತು, ಆದ್ದರಿಂದ ದೊಡ್ಡದಾಗಿ ಏನಾದರೂ ಮಾಡಬೇಕೆನಿಸಿತು. ತಪ್ಪು ಮಾಡಿದೆವೇನೋ ಎಂದು ಅನುಮಾನ ಬಂದಾಗ ನಮ್ಮ ಕಡೆ ಮಾಡುವುದು ಒಂದೇ, ಸತ್ಕಾರ.

ಅವನು ಧಾರವಾಡದಲ್ಲಿ ರೈಲು ಹತ್ತುವವನಿದ್ದ. ಬೆಳಗಾವಿ ಕಡೆಯಿಂದ ಬರುವ ಸಂಜೆಯ ಗಾಡಿ, ಹುಬ್ಬಳ್ಳಿಯ ಮೇಲೆಯೇ ಹೋಗುತ್ತದೆ. ಮರುದಿನ ಬೆಳಿಗ್ಗೆ ಹೊಸ ತಂಡದ ಮೊದಲ ಅಭ್ಯಾಸ.

"ಧಾರವಾಡತನಾ ಯಾಕ ಹೋಗೂದು?" ಎಂದರು ಕಾಕಾ. "ಗಾಡಿ ಇಲ್ಲೇ ನಿಂದರತೈತಿ. ಎಂಜಿನ್ ಬದಲಿ ಆಗಬೇಕು, ಬೋಗಿಗೆ ನೀರ ತುಂಬಬೇಕು, ಗಾರ್ಡ್ ಬದಲಿ ಆಗಬೇಕು. ಅರ್ಧಾ ತಾಸ ಎಲ್ಲೂ ಹೋಗೂದಿಲ್ಲ. ಕೆಳಗ ಇಳಿಸಿ ಸಾವಕಾಶ ಸತ್ಕಾರ ಮಾಡೂಣು."

ಹುಬ್ಬಳ್ಳಿಯಲ್ಲಿ ಗಾಡಿ ಬಹಳ ಹೊತ್ತು ನಿಲ್ಲುತ್ತದೆ. ಇದು ನಮಗೆ ಮಾವಿನ ಹಣ್ಣು ಬೇಸಿಗೆಯಲ್ಲಿ ಬರುತ್ತದೆ ಎಂಬಷ್ಟು ಖಚಿತ. ಚಿಕ್ಕಂದಿನಲ್ಲಿ ಅಜ್ಜಿ ಊಟದ ಡಬ್ಬಿಯನ್ನು ಇಲ್ಲಿ ಗಾಡಿ ನಿಂತ ಮೇಲೆಯೇ ಬಿಚ್ಚುತ್ತಿದ್ದಳು. ಅಪ್ಪ ಇಳಿದು, ಚಹಾ ಕುಡಿದು, ಪೇಪರ್ ಕೊಂಡು, ಯಾರದೋ ಕ್ಷೇಮಸಮಾಚಾರ ಕೇಳಿ ಮರಳಿ ಬರುತ್ತಿದ್ದ. ಈಗ ಹಳಿಯ ಮೇಲೆ ವಿದ್ಯುತ್ ತಂತಿ ಬಂದಿದೆ, ಬಂದ ಎಂಜಿನ್ನೇ ಮುಂದೆ ಹೋಗುತ್ತದೆ. ಆ ತಂತಿಗಳನ್ನು ನಾವೆಲ್ಲ ನೋಡಿದ್ದೇವೆ. ಗಾಡಿಯ ವೇಳೆ ನನ್ನ ಕೈಯಲ್ಲಿದ್ದ ಫೋನಿನಲ್ಲೇ ಇತ್ತು. ಆದರೆ ಹುಬ್ಬಳ್ಳಿಯವರು ಹುಬ್ಬಳ್ಳಿಯ ಗಾಡಿಯ ವಿಷಯವನ್ನು ಫೋನಿಗೆ ಕೇಳುವುದಿಲ್ಲ. ಅದರಲ್ಲೂ ಗಾರ್ಡ್ ಆಗಿದ್ದ ಕಾಕಾ ಪಕ್ಕದಲ್ಲೇ ಕೂತು ಹೇಳುತ್ತಿರುವಾಗ.

ಹಾರ ನನ್ನ ವಿಚಾರ. ಹೂವಿನ ಹಾರ ಮುಂದಿನ ಊರು ಬರುವಷ್ಟರಲ್ಲಿ ಬಾಡಿ ಕಸವಾಗುತ್ತದೆ, ನೂಲಿನ ಹಾರ ಹಾಕೋಣ ಎಂದೆ. ಗರಗದಲ್ಲಿ ಅವನ ತಾಯಿ ಖಾದಿ ಕೇಂದ್ರದಲ್ಲಿ ನೂಲುತ್ತಾಳೆ. ಅಲ್ಲಿಯ ನೂಲೇ ಆದರೆ ಇನ್ನೂ ಚೆಂದ. ಎಲ್ಲರಿಗೂ ಒಪ್ಪಿಗೆಯಾಯಿತು. ಶನಿವಾರ ಬಸ್ಸಿನಲ್ಲಿ ಹೋಗಿ ತಂದೆ. ಅಂದು ಅವನ ತಾಯಿ ಅಲ್ಲಿರಲಿಲ್ಲ. ನೂಲಿನ ಲಡಿಗಳನ್ನು ಸೇರಿಸಿ ಹಾರ ಕಟ್ಟಿಕೊಟ್ಟ ಹೆಂಗಸು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ತೋರಿಸಿದಳು. "ಹರಿಯೂದಿಲ್ರಿ ಬಾಯಾರ. ಬೇಕಾರ ಎತ್ತ ಕಟ್ರಿ."

ನಾನು ನಕ್ಕು ಚೀಲಕ್ಕೆ ಹಾಕಿಕೊಂಡೆ.

ನನ್ನ ಕೆಲಸ ಒಂದು ವಿಮಾ ಕಚೇರಿಯಲ್ಲಿ. ಅಪಘಾತ ಕಂಡವರ ಹೇಳಿಕೆಗಳನ್ನು ಓದುವುದು, ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದು. "ಎಲ್ಲಾ ಒಮ್ಮೆಲೇ ಆಯಿತು" ಎಂದು ಯಾರಾದರೂ ಬರೆದರೆ ನನಗೆ ಸಿಟ್ಟು ಬರುತ್ತಿತ್ತು. ಯಾವುದೂ ಒಮ್ಮೆಲೇ ಆಗುವುದಿಲ್ಲ, ಒಂದಾದ ಮೇಲೆ ಒಂದು ಆಗುತ್ತದೆ. ಸರಿಯಾಗಿ ನೆನಪಿಸಿಕೊಳ್ಳಿ ಎಂದು ಮರಳಿ ಕಳಿಸುತ್ತಿದ್ದೆ. ಆ ಸಂಜೆಯ ಮಟ್ಟಿಗೆ ಒಂದಾದ ಮೇಲೆ ಒಂದು ಏನಾಯಿತೆಂದು ನಾನು ಈಗಲೂ ಜೋಡಿಸುತ್ತಿದ್ದೇನೆ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಬೇರೆಯವರ ಹೇಳಿಕೆ ಓದುತ್ತಿರುವಾಗ.

ಗಾಡಿ ತಡವಾಗಿ ಬಂತು. ಇಷ್ಟು ಖಚಿತ. ತಡವಾದ ಗಾಡಿ ನಿಲ್ಲುವ ಹೊತ್ತನ್ನು ಇನ್ನೂ ಕಡಿಮೆ ಮಾಡುತ್ತದೆಂದು ಅಲ್ಲಿದ್ದವರಲ್ಲಿ ಕಾಕಾ ಒಬ್ಬರಿಗಾದರೂ ಗೊತ್ತಿರಬೇಕಿತ್ತು. ಅವರು ಆ ಸಂಜೆ ಗಾರ್ಡ್ ಆಗಿರಲಿಲ್ಲ. ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದ ಅಭಿಮಾನಿಯಾಗಿದ್ದರು.

ಅವನು ಬೋಗಿಯ ಬಾಗಿಲಲ್ಲೇ ನಿಂತಿದ್ದ. ನಮ್ಮನ್ನು ಕಂಡು ಮುಖ ಅರಳಿತು. ನಮ್ಮ ಸಾಲಿನವರು, ಪಕ್ಕದ ಸಾಲಿನವರು, ಒಂದಿಷ್ಟು ಜನ ಸೇರಿದ್ದೆವು.

"ಇಳಿ, ಇಳಿ," ಎಂದರು ಕಾಕಾ.

"ಗಾಡಿ ಬಿಡತೈತಿ ಕಾಕಾ. ಇಲ್ಲೇ ಬಾಗಲದಾಗ ಹಾಕ್ರಿ."

"ನನ್ನ ಕೇಳಲಾರದ ಹುಬ್ಬಳ್ಳ್ಯಾಗ ಗಾಡಿ ಬಿಡತಾರೇನು? ಇಳಿಯೋ ಮಾರಾಯಾ."

ಎಲ್ಲರೂ ನಕ್ಕೆವು. ಅವನೂ ನಕ್ಕ. ಆಟದ ಚೀಲವನ್ನು ಒಳಗೇ ಬಿಟ್ಟು ಇಳಿದ.

ಮೊದಲು ರುಮಾಲು. ಕಟ್ಟಿದ್ದನ್ನೇ ತಂದು ತಲೆಗೆ ಇಡಬಹುದಿತ್ತು, ಪೇಟೆಯಲ್ಲಿ ಸಿಗುತ್ತವೆ. ಸಾವುಕಾರರಿಗೆ ಅದು ಸೇರುವುದಿಲ್ಲ. ಉದ್ದನೆಯ ಬಟ್ಟೆ ಬಿಚ್ಚಿ, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಸುತ್ತು ಸುತ್ತಾಗಿ, ಒಂದು ಸುತ್ತು ಸಡಿಲವಾಯಿತೆಂದು ಬಿಚ್ಚಿ, ಮತ್ತೆ ಸುತ್ತಿದರು. ನಾನು ತುದಿ ಹಿಡಿದು ನಿಂತಿದ್ದೆ. ಅವನು ಕಣ್ಣಿನಲ್ಲೇ ಬೋಗಿಯ ಕಡೆ ನೋಡುತ್ತಿದ್ದ, ತಲೆ ತಿರುಗಿಸುವಂತಿರಲಿಲ್ಲ. ಆಮೇಲೆ ಶಾಲು. ಆಮೇಲೆ ನನ್ನ ಹಾರ. ಆಮೇಲೆ ಕಾಕಾ ಪೇಢೆಯ ಡಬ್ಬಿ ತೆರೆದು ಅವನ ಬಾಯಿಗೆ ಒಂದು ಇಡೀ ಪೇಢೆ ಹಾಕಿದರು. ಸಿಹಿ ತಿನ್ನಿಸದೆ ಕಳಿಸುವುದುಂಟೇ.

"ಒಂದ ಫೋಟೋ," ಎಂದು ಯಾರೋ ಅಂದರು. ನಾವು ಅವನ ಸುತ್ತ ಸೇರಿದೆವು. ಆಗ ಸಾವುಕಾರರಿಗೆ ತಡೆಯಲಾಗಲಿಲ್ಲ. ಕೈ ಎತ್ತಿ ಕೂಗಿದರು, "ನೀರ ಬಂತೋ."

ನಾವೆಲ್ಲ ಕೂಗಿದೆವು. ಕಿಟಕಿಗಳಲ್ಲಿ ಮುಖಗಳು ಬಂದವು. ಇನ್ನೊಮ್ಮೆ ಕೂಗಿದೆವು. ಆ ಕೂಗಿನಲ್ಲಿ ಎಂಜಿನ್ನಿನ ಹಾರ್ನ್ ಮುಚ್ಚಿಹೋಯಿತು. ಹಾರ್ನ್ ಆಗಿತ್ತು ಎಂದು ಆಮೇಲೆ ಚಹಾ ಮಾರುವವನು ಹೇಳಿದ. ನಾನು ಕೇಳಿಲ್ಲ. ನಾನೂ ಕೂಗುತ್ತಿದ್ದೆ.

ಹಿಂದಿನ ಗಾಡಿಗಳಾಗಿದ್ದರೆ ಒಮ್ಮೆ ಜಗ್ಗಿ, ಗಡಗಡ ಎಂದು ಹೊರಡುತ್ತಿದ್ದವು. ಇದು ನೀರಿನ ಮೇಲೆ ಎಲೆ ಸರಿದಂತೆ ಸರಿಯಿತು. ಮೊದಲು ಕಂಡವನು ಅವನೇ. ಬಾಯಿ ತುಂಬ ಪೇಢೆ, ಮಾತು ಹೊರಡಲಿಲ್ಲ. ನಮ್ಮ ನಡುವಿನಿಂದ ನುಗ್ಗಿ ಓಡಿದ. ರುಮಾಲು ಬಿತ್ತು.

ಬಾಗಿಲು ಮುಂದೆ ಹೋಗಿತ್ತು. ಅವನು ಅದನ್ನು ಮುಟ್ಟಿದ, ಬಲಗೈಯಲ್ಲಿ ಹಿಡಿಕೆ ಹಿಡಿದ, ಒಂದು ಕಾಲು ಮೆಟ್ಟಿಲಿಗಿಟ್ಟ. ಅಷ್ಟರಲ್ಲಿ ಕಾಕಾ ಓಡಿ ಹೋಗಿ ಹಿಂದಿನಿಂದ ಅವನ ಶಾಲು ಹಿಡಿದರು. "ಬ್ಯಾಡ, ಬ್ಯಾಡ, ಬಿಡು," ಎನ್ನುತ್ತಿದ್ದರು. ನಾನು "ಓಡು, ಓಡು" ಎನ್ನುತ್ತಿದ್ದೆ. ನಾವಿಬ್ಬರೂ ಅವನ ಒಳ್ಳೆಯದಕ್ಕೇ ಹೇಳುತ್ತಿದ್ದೆವು. ಒಳಗಿನಿಂದ ಯಾರೋ ಪ್ರಯಾಣಿಕ ಅವನನ್ನು ಎಳೆದುಕೊಳ್ಳಲು ಕೈ ಚಾಚಿದ. ಆ ಪ್ರಯಾಣಿಕನ ಕೈಗೆ ಸಿಕ್ಕಿದ್ದು ಹಾರ. ಜಗ್ಗಿದ. ಹೂವಿನದಾಗಿದ್ದರೆ ಹರಿದು ದಳ ಉದುರುತ್ತಿತ್ತು. ನೂಲು ಹರಿಯಲಿಲ್ಲ. ಒಳಗಿನವನು ಹಾರ ಹಿಡಿದು, ಹೊರಗೆ ಕಾಕಾ ಶಾಲು ಹಿಡಿದು, ನಡುವೆ ಅವನ ಕುತ್ತಿಗೆ. ಇನ್ನೊಂದು ಕಾಲು ಮೆಟ್ಟಿಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದಿಯ ಮೇಲೆ ಜೋತಾಡುತ್ತಿತ್ತು. ಅವನ ಬೂಟಿನ ತುದಿ ಕಲ್ಲಿನ ಅಂಚನ್ನು ಉಜ್ಜಿಕೊಂಡು ಹೋಗುತ್ತಿದ್ದ ಸದ್ದು ನನಗೆ ಕೇಳಿಸಿತು. ಹಾರ್ನ್ ಕೇಳದ ನನಗೆ ಅದು ಕೇಳಿಸಿತು, ಈಗಲೂ ಕೇಳಿಸುತ್ತದೆ.

ಆಮೇಲೆ ಶಾಲು ಕಾಕಾನ ಕೈಯಲ್ಲಿ ಉಳಿಯಿತು. ಅವನು ಒಳಗೆ ಬಿದ್ದ. ಬೋಗಿಯ ಭಾರದ ಬಾಗಿಲು ಅದೇ ಹೊತ್ತಿಗೆ ಬೀಸಿ ಬಂದು ಬಡಿಯಿತು. ಬಾಗಿಲು ಬಡಿದದ್ದನ್ನು ಕಂಡೆನೋ, ಆಮೇಲೆ ಊಹಿಸಿಕೊಂಡೆನೋ, ಹೇಳಲಾರೆ. ಗಾಡಿ ದೂರವಾಗುವಾಗ ಬಾಗಿಲು ಮತ್ತೆ ತೆರೆಯಿತು, ಅವನು ಅಲ್ಲಿ ನಿಂತು ಕೈ ಬೀಸಿದ. ಎಡಗೈ.

ಬೇಗ ಮುಗಿಯದ ಪ್ಲಾಟ್‌ಫಾರ್ಮ್ ನಮ್ಮದು, ಉದ್ದಕ್ಕೆ ಹೆಸರಾದದ್ದು. ಅಷ್ಟು ಉದ್ದವೂ ಗಾಡಿ ನಮ್ಮ ಕಣ್ಣ ಮುಂದೆಯೇ ಹೋಯಿತು. ಕೊನೆಯ ಬೋಗಿಯ ಗಾರ್ಡ್ ನಮ್ಮ ಕಡೆ ಸಿಟ್ಟಿನಿಂದ ಏನೋ ಕೂಗುತ್ತ ದಾಟಿದ. ಕಾಕಾ ತಲೆ ತಗ್ಗಿಸಿದರು.

"ಇಷ್ಟ ವರ್ಷ ಹಸರ ನಿಶಾನಿ ತೋರಿಸೇನಿ," ಎಂದರು, ಶಾಲು ಮಡಚುತ್ತ, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚುತ್ತ. "ಒಬ್ಬನರ ಜೋತಬಿದ್ದಿದ್ರ ಗಾಡಿ ಬಿಟ್ಟಾಂವಲ್ಲ ನಾ."

ಸಾವುಕಾರರು ರುಮಾಲನ್ನು ನೆಲದಿಂದ ಎತ್ತಿ ಧೂಳು ಜಾಡಿಸಿದರು. ಮಾವಶಿ ಬಂದಿರಲಿಲ್ಲ, ಅಂಗಡಿ ಬಿಡುವಂತಿರಲಿಲ್ಲ. ಅದೊಂದು ಪುಣ್ಯ ಎಂದುಕೊಂಡೆ.

ಗಾಡಿ ಹಾವೇರಿ ದಾಟಿರಬಹುದಾದ ಹೊತ್ತಿಗೆ ಕಾಕಾ ಅವನಿಗೆ ಫೋನ್ ಹಚ್ಚಿದರು. ನಾನೂ ಪಕ್ಕದಲ್ಲಿದ್ದೆ, ದನಿ ದೊಡ್ಡದಾಗಿ ಕೇಳುವಂತೆ ಇಟ್ಟಿದ್ದರು.

"ಏನಿಲ್ರಿ ಕಾಕಾ. ಬೆರಳಿಗೆ ಜರಾ ಬಾಗಲಾ ಬಡದೈತಿ. ಮಂದಿ ಐಸ್ ಕೊಟ್ಟಾರ," ಎಂದ ಅವನು. "ಪೇಢೆ ಭಾಳ ಛಲೋ ಇತ್ರಿ."

"ಯಾವ ಕೈದೋ?"

"ಬಲಗೈದ್ರಿ. ಉಂಗುರದ ಬೆರಳ. ಆರಾಮ ಆಗತೈತಿ ಬಿಡ್ರಿ."

ನಾನು ಆ ರಾತ್ರಿ ಮನೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಹೇಳಿದರೆ ಯಾವ ಕ್ರಮದಲ್ಲಿ ಹೇಳಬೇಕೆಂದು ತಿಳಿಯಲಿಲ್ಲ.

ಹೊಸ ತಂಡದ ಮೊದಲ ಪಂದ್ಯವನ್ನು ಮಾವಶಿಯ ಅಂಗಡಿಯ ಟಿವಿಯಲ್ಲಿ ನೋಡಿದೆವು. ಕೀಪರ್‌ನ ಜಾಗದಲ್ಲಿ ಬೇರೆ ಯಾರೋ ಕೂತಿದ್ದ. ಹೊಸದಾಗಿ ತೆಗೆದುಕೊಂಡ ಕೀಪರ್‌ನ ಬೆರಳು ಮುರಿದಿದೆ, ಹೇಗಾಯಿತೋ ಗೊತ್ತಿಲ್ಲ ಎಂದು ವೀಕ್ಷಕ ವಿವರಣೆಗಾರ ಹೇಳಿದ. ಅವನಿಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಕೂತಿದ್ದ ನಮಗೆಲ್ಲ ಗೊತ್ತಿತ್ತು. ನೀರಿನ ವಿರಾಮದಲ್ಲಿ ನಮ್ಮ ಹುಡುಗ ಹೊರಬಂದ. ತಲೆ ಅಲುಗದ ಅದೇ ಓಟ, ಬೇರೆ ಬಣ್ಣದ ಅಂಗಿ. ಬುಟ್ಟಿ ಎಡಗೈಯಲ್ಲಿ, ಬಲಗೈ ಎದೆಯ ಹತ್ತಿರ.

ಸಾವುಕಾರರು ಟಿವಿಯ ಕಡೆ ನೋಡದೆ ತಟ್ಟೆಯ ಅಂಚಿನ ಉಳ್ಳಾಗಡ್ಡಿಯನ್ನು ಒಂದೊಂದಾಗಿ ಬದಿಗೆ ಸರಿಸುತ್ತಿದ್ದರು. ಮಾವಶಿ ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ಕೇಳದೆಯೇ ಎಲ್ಲರ ಮುಂದೆ ಚಹಾ ತಂದಿಟ್ಟಳು.

ಅವನ ಬದಲಿಗೆ ಬಂದ ಕೀಪರ್ ಚೆನ್ನಾಗಿ ಆಡಿದ. ಎರಡನೆಯ ಪಂದ್ಯದಲ್ಲಿ ಇನ್ನೂ ಚೆನ್ನಾಗಿ ಆಡಿದ. ಅಷ್ಟು ಚೆನ್ನಾಗಿ ಆಡುವವನನ್ನು ಯಾವ ತರಬೇತುದಾರನೂ ತೆಗೆಯುವುದಿಲ್ಲ. ಒಬ್ಬ ಅಪರಿಚಿತನ ಸೋಲಿಗಾಗಿ ನಾನು ಅಷ್ಟು ಹಾರೈಸಿದ್ದು ಅದೇ ಮೊದಲು. ಚೆಂಡು ಅವನ ಕೈಗವಸಿನಿಂದ ಜಾರಿದಾಗಲೆಲ್ಲ ಖುಷಿಯಾಗುತ್ತಿತ್ತು, ಮರುಕ್ಷಣ ಆ ಖುಷಿಗೂ ನಾಚಿಕೆಯಾಗುತ್ತಿತ್ತು.

ಪಂದ್ಯಾವಳಿಯ ಕೊನೆಯ ಭಾಗ ಹುಬ್ಬಳ್ಳಿಗೆ ಬಂತು. ನಮ್ಮ ತಂಡಕ್ಕೂ ಅವನ ತಂಡಕ್ಕೂ ಪಂದ್ಯ. ಕಾಕಾ ಬರುವುದಿಲ್ಲ ಎಂದರು. ಆ ಸಂಜೆಯ ನಂತರ ಅವರು ಸ್ಟೇಷನ್ನಿನ ಕಡೆಗೂ ಹೋಗಿರಲಿಲ್ಲ. ಮಗಳು ಊರಿಂದ ಬಂದಾಗ ಕರೆತರಲು ತಂಗಿಯ ಮಗನನ್ನು ಕಳಿಸಿದ್ದರು. ನಾನು ಮನೆಗೆ ಹೋಗಿ ಕೂತೆ.

"ನೀ ಹೋಗಿ ಬಾ ತಂಗಿ. ನಾ ಯಾವ ಮಾರಿ ತಗೊಂಡ ಅಂವನ ಮುಂದ ಬರ್ಲಿ?"

"ನಾ ತಗೊಂಡ ಹೋಗೂದೂ ಅದ ಮಾರಿ ಕಾಕಾ," ಎಂದೆ. "ಹಾರ ನಂದು."

ಬಂದರು. ಮೂವರೂ ಅದೇ ಸಾಲಿನಲ್ಲಿ ಕೂತೆವು. ನಮ್ಮ ತಂಡದ ಹೊಸ ನೀರಿನವನು ಹೊರಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕೂಗಲು ಶುರು ಮಾಡಿ, ನಮ್ಮ ಕಡೆ ನೋಡಿ, ನಿಲ್ಲಿಸಿದರು. ವಿಷಯ ಆ ಬದಿಯವರಿಗೆಲ್ಲ ಗೊತ್ತಾಗಿತ್ತು. ಆಮೇಲೆ ಗರಗದ ಹುಡುಗ ಹೊರಬಂದ. ನಮ್ಮ ಮುಂದಿನ ಗೆರೆಯ ಹತ್ತಿರ ನಿಂತಿದ್ದ ತನ್ನ ತಂಡದವನಿಗೆ ಬಾಟಲಿ ಕೊಡಲು ನೇರ ನಮ್ಮ ಕಡೆಗೇ ಓಡಿ ಬಂದ. ಉಂಗುರದ ಬೆರಳು ಕಿರುಬೆರಳಿನ ಜೊತೆ ಪಟ್ಟಿಯಲ್ಲಿ ಸುತ್ತಿಕೊಂಡಿತ್ತು. ಮೆಟ್ಟಿಲು ತುಂಬ ಜನ, ಒಂದು ಸದ್ದಿಲ್ಲ. ಬಾಟಲಿಯ ಮುಚ್ಚಳ ತಿರುಗುವುದು ಕೇಳಿಸುವಷ್ಟು.

ಅವನು ತಲೆ ಎತ್ತಿ ನಮ್ಮನ್ನು ಹುಡುಕಿದ.

"ಯಾಕ್ರಿ ಸಾವುಕಾರ್ರ," ಎಂದ, "ಇವತ್ತ ನಿಮ್ಮ ಓಣಿಗೆ ನೀರಿನ ಪಾಳಿ ಇಲ್ಲೇನು?"

ಸಾವುಕಾರರು ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು. ಹರಾಜಿನಲ್ಲಿ ಆ ತುದಿಯಿಂದ ಈ ತುದಿಗೆ ಮುಟ್ಟುವ ದನಿ. "ಬೆರಳ ಹೆಂಗೈತಪಾ?" ಎಂದು ಕೇಳಿದರು, ನಮಗಷ್ಟೇ ಕೇಳುವಂತೆ. ಅವನಿಗೆ ಅದು ಮುಟ್ಟಲಿಲ್ಲ. ಅವನು ಒಂದು ಕ್ಷಣ ಕಾದ. ಅವನು ಕೂಗಿಗಾಗಿ ಕಾಯುತ್ತಿದ್ದ ಎಂದು ನನಗೆ ಅನಿಸುತ್ತದೆ. ಎಲ್ಲ ಹೋದ ಮೇಲೂ ಇಲ್ಲಿ ತನಗಾಗಿ ಇರುವುದು ಅದೊಂದು ಎಂದು ಬಂದಿದ್ದನೋ ಏನೋ. ನಾನು ಬಾಯಿ ತೆರೆದೆ. ಕಲ್ಲಿನ ಅಂಚಿಗೆ ಬೂಟು ಉಜ್ಜುವ ಸದ್ದು ಕೇಳಿ ಮುಚ್ಚಿದೆ. ಅವನು ಖಾಲಿ ಬಾಟಲಿ ತೆಗೆದುಕೊಂಡು ಮರಳಿ ಓಡಿದ.

ಪಂದ್ಯದಲ್ಲಿ ಯಾರು ಗೆದ್ದರೆಂದು ನೆನಪಿದೆ, ಆದರೆ ಅದು ಇಲ್ಲಿ ಬೇಡ.

ಮುಗಿದ ಮೇಲೆ ಹಿಂದಿನ ಗೇಟಿಗೆ ಹೋದೆವು. ಕಾಕಾ ಅವನಿಗೆ ಮುಖಾಮುಖಿ ಹೇಳಬೇಕು ಎಂದಿದ್ದರು: ತಪ್ಪು ನಂದು, ಗಾಡಿ ನಿಲ್ಲತೈತಿ ಅಂತ ಹೇಳಿದಾಂವ ನಾನು. ದಾರಿಯುದ್ದಕ್ಕೂ ಅದನ್ನೇ ಗೊಣಗುತ್ತ ಬಂದರು. ನಾನೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಅವನ ತಂಡದ ಬಸ್ಸು ನಿಂತಿತ್ತು. ಎಂಜಿನ್ ಬಂದ್ ಆಗಿತ್ತು, ಚಾಲಕ ಕೆಳಗೆ ನಿಂತು, ಬೀಗದ ಕೈಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಚಹಾ ಕುಡಿಯುತ್ತಿದ್ದ.

ಅವನು ಕಿಟಕಿಯ ಬದಿಯ ಸೀಟಿನಲ್ಲಿದ್ದ. ನಮ್ಮನ್ನು ಕಂಡ. ಮುಖ ಅರಳಿತು, ಆ ಸಂಜೆ ಬೋಗಿಯ ಬಾಗಿಲಲ್ಲಿ ಅರಳಿದ ಹಾಗೆಯೇ. ಎದ್ದು ನಿಂತು ಇಳಿಯಲು ಹೊರಟ.

ನಾವು ಮೂವರೂ ಮಾತಾಡಿಕೊಂಡದ್ದಲ್ಲ. ಮೂವರ ಕೈಗಳೂ ಮೇಲೆ ಹೋದವು, ಅಂಗೈ ಮುಂದೆ ಮಾಡಿ, ಬೇಡ ಎಂದು.

"ಇಳೀಬ್ಯಾಡ," ಎಂದರು ಕಾಕಾ. "ಕುಂದರು. ಅಲ್ಲೇ ಕುಂದರು."

ಕಿಟಕಿಯ ಗಾಜು ಮುಚ್ಚಿತ್ತು. ಅವನಿಗೆ ಮಾತು ಕೇಳಿಸಲಿಲ್ಲ, ಕೈಗಳು ಮಾತ್ರ ಕಂಡವು. ಅರ್ಧ ಎದ್ದವನು ಹಾಗೇ ನಿಂತ. ಇಡೀ ಪಂದ್ಯ ಅವನಿಗಾಗಿ ಬಾಯಿ ತೆರೆಯದ ಜನ, ಈಗ ಹತ್ತಿರ ಬರಬೇಡ ಎಂದು ಕೈ ತೋರಿಸುತ್ತಿದ್ದಾರೆ. ಅವನಿಗೆ ಹಾಗೆಯೇ ಕಂಡಿರಬೇಕು. ಇದು ನನಗೆ ಹೊಳೆದು ನಾನು ಕೈ ಇಳಿಸುವಷ್ಟರಲ್ಲಿ ಅವನು ಕೂತಿದ್ದ. ಸಣ್ಣಗೆ ತಲೆ ಆಡಿಸಿದ, ತಿಳಿಯಿತು ಎನ್ನುವಂತೆ.

ಚಾಲಕನ ಲೋಟದಲ್ಲಿ ಇನ್ನೂ ಅರ್ಧ ಚಹಾ ಇತ್ತು. ಬಸ್ಸಿನ ಬಾಗಿಲು ತೆರೆದೇ ಇತ್ತು. ನಾವು ಹತ್ತಿ ಒಳಗೆ ಹೋಗಬಹುದಿತ್ತು. ಕಾಕಾ ಬಾಗಿಲಿನವರೆಗೆ ಹೋದರು. ಮೆಟ್ಟಿಲಿನ ಪಕ್ಕದ ಹಿಡಿಕೆಯ ಮೇಲೆ ಕೈ ಇಟ್ಟರು, ಆ ಹಿಡಿಕೆಯನ್ನು ನೋಡಿದರು, ಕೈ ತೆಗೆದರು.